ದ್ವೀಪದ ಹುಡುಗನಿಗಾಗಿ ಅವ್ವ ಬಿಟ್ಟ ಚಹಾ

ನೀಲಿ ಗೆರೆಯ ಕಪ್ಪು ತನ್ನ ಬಸಿಯ ಮೇಲೆ ಬೋರಲಾಗಿತ್ತು, ಹಿಡಿಕೆ ಗೋಡೆಯ ಕಡೆಗೆ. ಗೂಡಿನಲ್ಲಿದ್ದ ಉಳಿದ ಕಪ್ಪುಗಳು ಎಂದಿನಂತೆ ಸರಿಯಾಗಿಯೇ ಕೂತಿದ್ದವು. ಅಪ್ಪನ ಕಪ್ಪಿನ ತಳದಲ್ಲಿ ಚಹಾದ ಚರಟ ಇನ್ನೂ ಹಸಿಯಾಗಿತ್ತು. ಅವ್ವನ ಕಪ್ಪು ಮಾತ್ರ ಒಣಗಿತ್ತು.

ನಮ್ಮ ಅವ್ವ ಚಹಾ ಕುಡಿಯುವ ಮೊದಲು ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಮೊದಲ ಕಪ್ಪನ್ನು ಒಲೆಯ ಮುಂದೆ ನಿಂತು, ಎರಡನೆಯದನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಕುಡಿಯುವಳು. ನಡುವೆ ಏನಾದರೂ ಕೇಳಿದರೆ, “ಛಾ ಒಳಗ ಹೋಗಲಿ, ಆಮ್ಯಾಲೆ ಹೇಳ್ತೇನಿ” ಎನ್ನುವಳು. ಅಂಥವಳ ಕಪ್ಪು ಬೋರಲಾದದ್ದನ್ನು ನಾನು ಅದಕ್ಕೂ ಮೊದಲು ಒಮ್ಮೆ ಮಾತ್ರ ನೋಡಿದ್ದೆ. ಆಗ ನಾನು ಸಣ್ಣವಳು. ಕರ್ನಾಟಕ ಒಂದಾಗಬೇಕೆಂದು ಹುಬ್ಬಳ್ಳಿಯಲ್ಲಿ ಗದ್ದಲವಾದ ದಿನ ಸಭೆಗೆಂದು ಹೋದ ಅಪ್ಪ ರಾತ್ರಿಯಾದರೂ ಮನೆಗೆ ಬಂದಿರಲಿಲ್ಲ. ಅವರು ಮರುದಿನ ಬರಿಗಾಲಲ್ಲಿ ಬಂದು ಕಟ್ಟೆಯ ಮೇಲೆ ಕೂತ ಮೇಲೆಯೇ ಅವ್ವ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಹಾಗಾಗಿ ಆ ಬೆಳಿಗ್ಗೆ ಕಪ್ಪು ನೋಡಿದೊಡನೆ ನನಗೆ ತಿಳಿಯಿತು: ಅವ್ವ ಹರಕೆ ಹೊತ್ತಿದ್ದಾಳೆ. ಯಾರಿಗಾಗಿ ಎನ್ನುವುದೂ ತಿಳಿಯಿತು. ಆದರೆ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಹೇಳಿದ ಹರಕೆ ಫಲಿಸುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಆಗ ನಾನು ಎಂ.ಎ. ಓದುತ್ತಿದ್ದೆ. ಸಪ್ತಾಪುರದ ನಮ್ಮ ಮನೆಯ ಹಿಂದಿನ ಖೋಲಿಯನ್ನು ಯೂನಿವರ್ಸಿಟಿಯ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಆ ವರ್ಷ ಅಲ್ಲಿದ್ದವಳು ಮಾರಿಷಸ್ಸಿನವಳು. ಆಫ್ರಿಕಾದ ದ್ವೀಪದಿಂದ ಯಾರೋ ಬರುತ್ತಾರೆಂದು ಓಣಿಯೆಲ್ಲ ಕಾದಿತ್ತು. ಟಾಂಗಾದಿಂದ ಇಳಿದವಳು ಸೀರೆಯುಟ್ಟು, ಉದ್ದ ಜಡೆ ಹಾಕಿಕೊಂಡ ಹುಡುಗಿ. ಅವಳ ಮುತ್ತಜ್ಜ ಕಬ್ಬು ಕಡಿಯಲು ಬಿಹಾರದಿಂದ ಹಡಗು ಹತ್ತಿ ಹೋದವನಂತೆ. ಎದುರುಮನೆಯ ಕಾಕು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಕಿ ನಮ್ಮಂಗs ಇದ್ದಾಳಲ್ಲವಾ!” ಎಂದು ನಿರಾಶೆಯಿಂದ ಒಳಗೆ ಹೋದರು.

ಅವಳು ಕನ್ನಡವನ್ನು ಅವ್ವನಿಂದ ಅಡುಗೆಮನೆಯಲ್ಲಿ ಕಲಿತಳು. ಮರ್ಯಾದೆ ತಪ್ಪಬಾರದೆಂದು ಎಲ್ಲರಿಗೂ ‘ರಿ’ ಹಚ್ಚುವಳು. ಹಿತ್ತಲಿಗೆ ಬಂದ ಬೆಕ್ಕಿಗೂ “ಬರ್ರಿ, ಹಾಲು ಕುಡೀರಿ” ಎನ್ನುವಳು. ತನ್ನ ಊರಿನಿಂದ ಒಂದು ಡಬ್ಬಿ ಚಹಾಪುಡಿ ತಂದಿದ್ದಳು. ಅದಕ್ಕೆ ವೆನಿಲಾದ ವಾಸನೆ. ಅವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿ, ಮೇಲಿನ ಹಲಗೆಯ ಮೇಲಿಟ್ಟಿದ್ದಳು. ಆದರೆ ತನ್ನೂರಿನಲ್ಲಿ ಪ್ರತಿ ಹಿಂದೂ ಮನೆಯ ಅಂಗಳದಲ್ಲೂ ಹನುಮಪ್ಪನ ಸಣ್ಣ ಕಟ್ಟೆ, ಅದರ ಮೇಲೆ ಬಿದಿರಿಗೆ ಕಟ್ಟಿದ ಕೆಂಪು ನಿಶಾನಿ ಇರುತ್ತವೆ ಎಂದು ಅವಳು ಹೇಳಿದ ದಿನದಿಂದ ಅವಳು ಅವ್ವನಿಗೆ ಬಾಡಿಗೆಯವಳಾಗಿ ಉಳಿಯಲಿಲ್ಲ. ನನಗಂತೂ ಆಗಲೇ ಗೆಳತಿಯಾಗಿದ್ದಳು.

ಅವಳ ತಮ್ಮ ಅಲ್ಲಿ ಕಾಲೇಜಿನಲ್ಲಿದ್ದ. ದ್ವೀಪಕ್ಕೆ ಸ್ವಾತಂತ್ರ್ಯ ಹತ್ತಿರ ಬಂದಿತ್ತು. ಕೆಲವರಿಗೆ ಅದು ಬೇಕು, ಕೆಲವರಿಗೆ ಭಯ. ಒಂದು ಓಣಿಯವರು ಇನ್ನೊಂದು ಓಣಿಯವರ ಅಂಗಡಿ ಸುಡುವ ಮಟ್ಟಕ್ಕೆ ಜಗಳ ಬೆಳೆದಿತ್ತು. ವಿದ್ಯಾರ್ಥಿಗಳು, ಎಲ್ಲ ಮತದವರೂ ಸೇರಿ, ‘ಸ್ವಾತಂತ್ರ್ಯ ಬೇಕು, ಜಗಳ ಬೇಡ’ ಎಂದು ತರಗತಿ ಬಿಟ್ಟು ಮೆರವಣಿಗೆ ಹೊರಟರು. ಪೊಲೀಸರು ಲಾಠಿ ಬೀಸಿದರು. ಊರಿನಲ್ಲಿ ಕರ್ಫ್ಯೂ ಆಯಿತು. ಮೆರವಣಿಗೆಯ ಮುಂದೆ ಬ್ಯಾನರ್ ಹಿಡಿದಿದ್ದ ಅವಳ ತಮ್ಮ ಮನೆಗೆ ಬರಲಿಲ್ಲ. ಎಲ್ಲಿದ್ದಾನೆಂದು ಯಾರೂ ಹೇಳುತ್ತಿಲ್ಲ ಎಂದು ಅವಳ ತಂದೆ ಬರೆದಿದ್ದರು. ಪತ್ರ ನಮಗೆ ತಲುಪುವಷ್ಟರಲ್ಲಿ ಹಳೆಯದಾಗಿತ್ತು. ಅವಳು ಅದನ್ನು ಅಡುಗೆಮನೆಯಲ್ಲಿ ನಿಂತು, ಕನ್ನಡ ಮಾಡಿ ಅವ್ವನಿಗೆ ಓದಿ ಹೇಳಿದಳು. ಅವ್ವ ಕೇಳಿದ್ದು ಒಂದೇ ಮಾತು: “ಅವಗ ವಯಸ್ಸೆಷ್ಟು?” ಮರುದಿನ ಬೆಳಿಗ್ಗೆ ಕಪ್ಪು ಬೋರಲಾಗಿತ್ತು.

ಅಂದಿನಿಂದ ಅಪ್ಪ ಸಂಜೆ ರೇಡಿಯೋದ ಮುಳ್ಳು ತಿರುವುತ್ತ ಕೂಡುವರು. ಗೊರಗೊರ ಸದ್ದಿನ ನಡುವೆ ಇಂಗ್ಲಿಷ್ ವಾರ್ತೆ ಬಂದರೆ ನಾವು ನಾಲ್ವರೂ ಉಸಿರು ಹಿಡಿಯುವೆವು.

“ಜಗತ್ತಿನಾಗಿನ ಸುದ್ದಿ ಎಲ್ಲಾ ಹೇಳ್ತಾನ, ನಮ್ಮ ಊರಿಂದೊಂದು ಬಿಟ್ಟು” ಎಂದು ಅವ್ವ ಒಂದು ದಿನ ಸಿಟ್ಟಾದಳು. ಗೆಳತಿ ತಲೆಯೆತ್ತಿ ಅವಳನ್ನೇ ನೋಡಿದಳು.

ಅಪ್ಪ ಸಮಾಧಾನ ಹೇಳಲು ಹೋದರು: “ಚಿಂತಿ ಮಾಡಬ್ಯಾಡ ತಂಗಿ. ಹುಡುಗ್ರು ಅಂದಮ್ಯಾಲೆ ಒಂದೆರಡು ದಿನ ಒಳಗ ಕುಂದ್ರಸ್ತಾರ, ಬಿಡ್ತಾರ. ಏಕೀಕರಣದಾಗ ನಾವೂ ಪೊಲೀಸರ ಎದುರಿಗೆ ಎದಿ ಕೊಟ್ಟು ನಿಂತವ್ರs.”

“ನಿಂತಿದ್ರೇನು?” ಎಂದಳು ಅವ್ವ. “ಮತ್ತ ಚಪ್ಪಲಿ ಯಾಕ ಹುಬ್ಬಳ್ಳ್ಯಾಗ ಬಿಟ್ಟು ಬಂದ್ರಿ?”

ಗೆಳತಿ ಸೆರಗಿನ ಮರೆಯಲ್ಲಿ ನಕ್ಕಳು. ಪತ್ರ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅವ್ವ ಚಹಾ ಬಿಟ್ಟ ಸುದ್ದಿ ಓಣಿಯಲ್ಲಿ ಬಹಳ ದಿನ ಮುಚ್ಚಿಡುವಂಥದಾಗಿರಲಿಲ್ಲ. ಒಂದು ಮಧ್ಯಾಹ್ನ ಕಾಕು ಬಂದರು. ಅವ್ವ ಅವರಿಗೆ ಚಹಾ ಕೊಟ್ಟು ತಾನು ಸುಮ್ಮನೆ ಕೂತಳು.

“ನಿಮ್ದೆಲ್ಲೆದರಿ?”

“ನನಗ ಬ್ಯಾಡ್ರಿ.”

“ಛಾ ಬ್ಯಾಡಾ? ನಿಮಗಾ?” ಕಾಕು ಬಸಿಯನ್ನು ಕೆಳಗಿಟ್ಟರು. “ಏನು ಹರಕಿ ಹೊತ್ತೀರಿ, ಖರೇ ಹೇಳ್ರಿ.”

“ಹೇಳೂವಂಥಾದ್ದಲ್ಲ.”

ಕಾಕು ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದೆ. “ತಿಳೀತು ಬಿಡ್ರಿ. ಎಂ.ಎ. ಕಲಿತ ಹುಡುಗಿಗೆ ವರ ಹುಡುಕೂದಂದ್ರ ಹುಡುಗಾಟ ಅಲ್ಲ. ದೇವರs ಮನಸು ಮಾಡಬೇಕು.”

ಒಂದು ವಾರದಲ್ಲಿ ಸಪ್ತಾಪುರದ ಅರ್ಧ ಜನ ನನಗೆ ಗಂಡು ಹುಡುಕತೊಡಗಿದರು. ಬೆಳಗಾವಿಯ ಒಬ್ಬ ಲೆಕ್ಚರರು, ಗೋಪನಕೊಪ್ಪದ ಒಬ್ಬ ಇಂಜಿನಿಯರು, ರೇಲ್ವೆಯಲ್ಲಿದ್ದ ಇನ್ಯಾರೋ. ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ ಹೆಂಗಸರು ನನ್ನನ್ನು ನಿಲ್ಲಿಸಿ ಎತ್ತರ ಅಂದಾಜು ಮಾಡುವರು. ನನ್ನ ವಿಷಯವನ್ನು ಇತರರು ಮಾತಾಡುವುದು ನನಗೆ ಮೊದಲಿನಿಂದಲೂ ಸೇರದು. ಒಂದು ಮಾತು ಹೇಳಿದ್ದರೆ ಎಲ್ಲ ನಿಲ್ಲುತ್ತಿತ್ತು. ಆದರೆ ಆ ಮಾತು ಹೇಳಿದರೆ ಹರಕೆ ಕೆಡುತ್ತದೆ. ನಾನು ಇತಿಹಾಸದ ವಿದ್ಯಾರ್ಥಿನಿ, ಇಂಥದನ್ನು ನಂಬುತ್ತಿದ್ದೆನೇ? ನಂಬುತ್ತಿರಲಿಲ್ಲ. ಹೇಳಲೂ ಇಲ್ಲ.

ಅಪ್ಪ ಕೂಡ ಒಮ್ಮೆ ಹಿತ್ತಲಲ್ಲಿ ನನ್ನನ್ನು ಹಿಡಿದರು. “ನಿಮ್ಮವ್ವ ಯಾರನ್ನ ನೋಡ್ಯಾಳ? ನನಗರ ಹೇಳವಾ.”

“ಯಾರೂ ಇಲ್ಲಪಾ” ಎಂದೆ. ಅವರು ನಂಬಲಿಲ್ಲ.

ಗೆಳತಿಯೂ ನಂಬಿಬಿಟ್ಟಿದ್ದಳು. “ಮದವಿಗೆ ನಾ ಯಾವ ಸೀರಿ ಉಡ್ಲಿರಿ?” ಎಂದು ನನ್ನನ್ನು ಕಾಡುವಳು. ಬೆಳಗಾವಿಯ ಲೆಕ್ಚರರ ನಡಿಗೆ ಹೇಗಿರಬಹುದೆಂದು ನಡೆದು ತೋರಿಸುವಳು. ಆಮೇಲೆ ಇದ್ದಕ್ಕಿದ್ದಂತೆ ಕಿಟಕಿಯ ಹತ್ತಿರ ಹೋಗಿ ಟಪಾಲಿನವನ ದಾರಿ ನೋಡುವಳು. ಅವಳು ನಗುವಷ್ಟು ಹೊತ್ತು ನನ್ನ ಮದುವೆ ನಡೆಯಲಿ ಎಂದು ನಾನು ಬಿಟ್ಟುಬಿಟ್ಟೆ.

ತಂತಿ ಬಂದದ್ದು ಅವ್ವ ರೊಟ್ಟಿ ಬಡಿಯುತ್ತಿದ್ದಾಗ. ಸೈಕಲ್ಲಿನ ಗಂಟೆ ಕೇಳಿ ಹೊರಗೆ ಬಂದೆವು. ನಮ್ಮ ಕಡೆ ತಂತಿ ಎಂದರೆ ಒಡೆಯುವ ಮೊದಲೇ ಅಳುವುದು ರೂಢಿ; ಎದುರುಮನೆಯ ಕಾಕು ಆಗಲೇ ಸೆರಗು ಬಾಯಿಗೆ ಒತ್ತಿ ಕಟ್ಟೆಗೆ ಬಂದು ನಿಂತಿದ್ದರು. ಗೆಳತಿ ಕೈ ಚಾಚಿ ಮತ್ತೆ ಹಿಂದೆಳೆದುಕೊಂಡಳು.

“ನೀವs ಓದ್ರಿ” ಎಂದಳು ನನಗೆ.

ಓದಿದೆ. ಜೇಲಿನಿಂದ ಬಿಟ್ಟಿದ್ದಾರೆ, ತಮ್ಮ ಮನೆಗೆ ಬಂದಿದ್ದಾನೆ, ಕ್ಷೇಮ, ಎಂದಿತ್ತು. ಗಟ್ಟಿಯಾಗಿ ಇನ್ನೊಮ್ಮೆ ಓದಿದೆ.

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. “ಅವ್ವಾರ, ಬಂದಾನ್ರಿ.” ಬೆಕ್ಕಿಗೂ ಬಹುವಚನ ಹಚ್ಚುವವಳು ತಮ್ಮನಿಗೆ ಮಾತ್ರ ಹಚ್ಚಲಿಲ್ಲ.

ಅವ್ವ ಒಳಗೆ ಹೋದಳು. ಹಿಟ್ಟಿನ ಕೈಯಲ್ಲೇ ಗೂಡಿನ ಕಪ್ಪನ್ನು ಎತ್ತಿ ನೆಟ್ಟಗೆ ಇಟ್ಟಳು. ಹಿಂದೆಯೇ ಹೋದ ಗೆಳತಿ ಕಪ್ಪನ್ನೂ ಅವ್ವನನ್ನೂ ನೋಡಿದಳು.

“ಅವನ ಸಲುವಾಗಿ ಛಾ ಬಿಟ್ಟಿದ್ರೇನ್ರಿ?”

“ಮಾರುತಿಗೆ ಬೇಡಿಕೊಂಡಿದ್ದೆ. ಸಮುದ್ರ ದಾಟೂದು ಗೊತ್ತಿದ್ದಾವ ಅವ ಒಬ್ಬನs” ಎಂದಳು ಅವ್ವ. “ಮತ್ಯಾರನ್ನ ಕೇಳ್ಲಿ? ಅಳಬ್ಯಾಡ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತತದ, ತಿರುವಿ ಹಾಕು.”

ಆ ಸಂಜೆ ಗೆಳತಿ ಮೇಲಿನ ಹಲಗೆಯಿಂದ ತನ್ನ ಡಬ್ಬಿ ಇಳಿಸಿ, ತಾನೇ ಚಹಾ ಮಾಡಿ, ನೀಲಿ ಗೆರೆಯ ಕಪ್ಪಿನಲ್ಲಿ ತಂದಿಟ್ಟಳು. ಅವ್ವ ಬಸಿಗೆ ಸುರಿದು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

“ಛಾದಾಗ ಊದಿನಕಡ್ಡಿ ಅದ್ದೀಯೇನs?”

“ಇಲ್ರಿ, ಅವ್ವಾರ!”

“ಇರ್ಲಿ. ಇನ್ನರ್ಧ ಕಪ್ಪ ಹಾಕು.”

ಮಲಗುವ ಮುಂದೆ ಅವ್ವ ನನ್ನನ್ನು ಕರೆದು, ನಾಳೆ ಓಣಿಗೆಲ್ಲ ಸಕ್ಕರೆ ಹಂಚಬೇಕು ಎಂದಳು. ನಮ್ಮಲ್ಲಿ ಒಳ್ಳೆಯ ಸುದ್ದಿಗೆ ಸಕ್ಕರೆ ಹಂಚುತ್ತಾರೆ. ಆದರೆ ಮದುವೆಗೆ ಬಂದ ಮಗಳಿರುವ ಮನೆಯಿಂದ ಸಕ್ಕರೆ ಬಂತೆಂದರೆ ಅದಕ್ಕೆ ಒಂದೇ ಅರ್ಥ: ಸಂಬಂಧ ಗಟ್ಟಿಯಾಯಿತು.

“ನೀನs ಹಂಚು” ಎಂದೆ.

“ನಾ ಗುಡಿಗೆ ಹೋಗಬೇಕು. ಹರಕಿ ತೀರೇದ, ಇನ್ನ ಹೇಳಿದ್ರ ನಡೀತದ. ನೀ ಹೇಳು.” ನಂತರ, ದೀಪ ಸಣ್ಣಗೆ ಮಾಡುತ್ತ ಸೇರಿಸಿದಳು: “ಇಷ್ಟ ದಿನ ಸುಮ್ಮನಿದ್ದಿಯಲ್ಲ.”

ಅವಳಿಗೆ ಎಲ್ಲ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹಿತ್ತಾಳೆಯ ಬಟ್ಟಲಲ್ಲಿ ಸಕ್ಕರೆ ತುಂಬಿಕೊಂಡು ಮೊದಲು ಎದುರುಮನೆಗೇ ಹೋದೆ. ಬಟ್ಟಲು ಕಂಡೊಡನೆ ಕಾಕುವಿನ ಮುಖ ಅರಳಿತು.

“ಅಂತೂ ಗಟ್ಟಿ ಆತಲ್ಲವಾ! ಹುಡುಗ ಏನು ಮಾಡ್ತಾನ?”

“ಕಾಲೇಜಿನಾಗ ಓದ್ತಾನ್ರಿ, ಮಾರಿಷಸ್ಸಿನಾಗ. ಈಗ ಜೇಲಿನಿಂದ ಹೊರಗ ಬಂದಾನ.”

ಸಕ್ಕರೆಯಲ್ಲಿದ್ದ ಅವರ ಬೆರಳು ಅಲ್ಲೇ ನಿಂತಿತು. ನಾನು ಅವರ ಕಟ್ಟೆಯ ಮೇಲೆ ಕೂತು, ಮೆರವಣಿಗೆಯಿಂದ ಹಿಡಿದು ಅವ್ವನ ಕಪ್ಪಿನವರೆಗೆ ಎಲ್ಲ ಹೇಳಿದೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರು. ನಾನು ಎದ್ದು ಪಕ್ಕದ ಮನೆಯ ಚಿಲಕ ಬಡಿದೆ, ಮತ್ತೆ ಮೊದಲಿನಿಂದ ಹೇಳತೊಡಗಿದೆ.