ಡೈಯಿಂಗ್ ಮಾಸ್ತರರು ಕಂಡ ಗುಲಾಬಿ

ಅವರ ಉಗುರುಗಳ ಬುಡದಲ್ಲಿ ನೀಲಿ ಕೂತುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಹೋಗದಂತೆ. ಇಚಲಕರಂಜಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಟ್ಟೆಗೆ ಬಣ್ಣ ಹಾಕಿಸಿದ ಡೈಯಿಂಗ್ ಮಾಸ್ತರರು. ಬಣ್ಣ ಹೊಂದಿಸುವ ಯಂತ್ರ ಬಂದ ಮೇಲೆ ಕೆಲಸ ಹೋಗಿ ಮನೆಯಲ್ಲೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ನಾನು ದಿನಾ ಕೊಲ್ಲಾಪುರದ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದೆ.

ಒಂದು ಮುಂಜಾನೆ ತಮ್ಮ ಹಳೆಯ ನೂಲಿನ ಲಡಿಗಳಲ್ಲಿ ಗುಲಾಬಿಯದನ್ನು ಕೊಡೆಂದರು. ಬಿಳಿಯದನ್ನು ಕೊಟ್ಟೆ. ಅವರು ನಗಲಿಲ್ಲ.

“ಎಷ್ಟ ವರ್ಷ ಆತು, ಮುಚ್ಚಿಟ್ಟು?”

ನನಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ನನ್ನ ಸಂಶೋಧನೆಯೋ ಬಣ್ಣದ ಮೇಲೆಯೇ ನಿಂತಿತ್ತು. ನೀರಿನಲ್ಲಿ ತಾಮ್ರವಿದ್ದರೆ ಗುಲಾಬಿ ಪ್ರೋಟೀನು ತಯಾರಿಸುವಂತೆ ಬ್ಯಾಕ್ಟೀರಿಯಾದ ಜೀನು ತಿದ್ದಿದ್ದೆವು. ತಟ್ಟೆಯಲ್ಲಿ ಬೆಳೆದ ಚುಕ್ಕೆಗಳು ಗುಲಾಬಿಯಾದರೆ ತಾಮ್ರವಿದೆ ಎಂದರ್ಥ. ನನಗೆ ಎಲ್ಲವೂ ಬಿಳಿ. ಗುಟ್ಟು ಬಯಲಾದೀತೆಂದು ಜೊತೆಗಾರರಿಂದ ದೂರ ಕೂತು, ಒಬ್ಬನೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ.

“ನಾ ಬರ್ತೇನಿ ನಡಿ” ಎಂದರು, ನನ್ನ ಕೆಲಸದ ತೊಡಕು ತಿಳಿದ ಮಾಸ್ತರರು.

ಬಣ್ಣ ಬಲ್ಲವರು ಎಂದು ಹೇಳಿ ಗೈಡರ ಒಪ್ಪಿಗೆ ಪಡೆದೆ. ಮಾಸ್ತರರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಟ್ಯೂಬ್‌ಲೈಟಿನ ಕೆಳಗೆ ನೋಡಲು ಒಪ್ಪಲಿಲ್ಲ. ಮುಚ್ಚಿದ ತಟ್ಟೆಗಳನ್ನು ಉತ್ತರದ ಕಿಟಕಿಯ ಬಳಿ ಬಿಳಿ ಕಾಗದದ ಮೇಲೆ ಇಡಿಸಿದರು. ಎರಡರಲ್ಲಿ ಬಣ್ಣವಿದೆ ಎಂದರು. ಮೂರನೆಯದು ಬಹಳ ಕಡಿಮೆ ತಾಮ್ರದ್ದು. ಅದರಲ್ಲೂ ಗುಲಾಬಿ ಬಂದಿದ್ದರೆ ನನ್ನ ಪ್ರಬಂಧ ಪೂರ್ತಿಯಾದಂತೆ.

“ಇದರಾಗ ಇಲ್ಲ, ತಮ್ಮಾ.”

“ಚೂರರ ಇರಬೇಕಲ್ರಿ ಮಾಸ್ತರ.”

“ಇಲ್ಲದ್ದನ್ನ ಹೆಂಗ ಐತಿ ಅನ್ಲಿ?”

ಇಲ್ಲ ಎಂದೇ ಬರೆದೆ. ಮತ್ತೆ ಎಂಟು ತಿಂಗಳು ಹಿಡಿಯಿತು. ಪ್ರತಿ ಸಲವೂ ಬಂದರು. ಕೊನೆಗೊಮ್ಮೆ ತಟ್ಟೆ ನೋಡಿ, “ಬಂತು. ಎಳೀ ಗುಲಾಬಿ” ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಹಾತಕಣಂಗಲೆ ಬರುವವರೆಗೂ ತಮ್ಮ ಉಗುರು ನೋಡುತ್ತ ಕೂತಿದ್ದರು. ಆಮೇಲೆ, “ಕಾರ್ಖಾನಿ ಬಿಟ್ಟ ಮ್ಯಾಲೆ ನನ್ನ ಯಾರೂ ಬಣ್ಣ ಕೇಳಿರ್ಲಿಲ್ಲಪಾ” ಎಂದರು.

ಗಡಹಿಂಗ್ಲಜದ ಕಾಲೇಜಿನಲ್ಲಿ ನೌಕರಿ ಸಿಕ್ಕಿ ಹೊರಟುಬಂದೆ. ಫೋನ್ ಮಾಡುವುದು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು. ಅವರು ತೀರಿಕೊಂಡ ಸುದ್ದಿ ಹನ್ನೆರಡು ದಿನ ತಡವಾಗಿ, ಪಕ್ಕದ ಮನೆಯವರಿಂದ ತಿಳಿಯಿತು.

ಆವತ್ತು ತರಗತಿಯಲ್ಲಿ, ನನಗೆ ಕೆಂಪು ಕಾಣುವುದಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಯಾರೂ ನಗಲಿಲ್ಲ. ಯಾರೂ ನಗಲಿಲ್ಲ ಎಂಬುದನ್ನು ಹೇಳಬೇಕೆನಿಸಿದ್ದು ಮಾಸ್ತರರೊಬ್ಬರಿಗೇ.