ಬೆರಳು ಕಾಯುವ ಹಾಡು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಇಯರ್‌ಫೋನಿನ ವೈರು ಕಿತ್ತುಬಂದು, ನನ್ನ ಮೊಬೈಲಿನ ಹಾಡು ಎಲ್ಲರಿಗೂ ಕೇಳಿಸಿಬಿಟ್ಟಿತು. ಪಿಯಾನೋ ನುಡಿಸುತ್ತ ತಾನೇ ಹಾಡುವ ಜಾಝ್ ಗಾಯಕಿಯೊಬ್ಬಳ ಮೊದಲ ದಿನಗಳ ಆಲ್ಬಂ ಅದು. ಅಮ್ಮ ಅದಕ್ಕೆ ‘ಇಂಗ್ಲಿಷ್ ಗೋಳು’ ಎನ್ನುತ್ತಾರೆ. ನಾಚಿಕೆಯಾಗಿ ನಿಲ್ಲಿಸಲು ಹೋದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ತಡೆದರು.

“ಇರ್ಲಿ ಬಿಡಮ್ಮ. ಹಾಡೋರು, ನುಡಿಸೋರು ಇಬ್ರೂ ಒಬ್ಬರೇ ಅಲ್ವಾ? ಆಯಮ್ಮ ಉಸಿರು ತಗೊಳ್ಳೋವಾಗ ಬೆರಳೂ ಕಾಯ್ತವೆ. ನಾನೂ ಭಜನೇಲಿ ಹಾರ್ಮೋನಿಯಂ ನುಡಿಸ್ಕೊಂಡೇ ಹಾಡೋನು, ಗೊತ್ತಾಗುತ್ತೆ.”

ಮಲವಗೊಪ್ಪದಲ್ಲಿ ಇಳಿಯುವವರೆಗೂ ಅವರು ಕಣ್ಣು ಮುಚ್ಚಿ ಕೇಳಿದರು.

ಆ ಆಲ್ಬಂ ನನಗೇಕೆ ಅಷ್ಟು ಇಷ್ಟವೆಂದು ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ. ನಾನು ಹೆಸರೂ ಕೇಳದೆ ಬಿಟ್ಟ ಆ ಹಿರಿಯರು ತಿಳಿಸಿಕೊಟ್ಟರು. ಈಗ ಮನೆಯಲ್ಲಿ ಇಯರ್‌ಫೋನ್ ಇಲ್ಲದೆ ಹಾಕುತ್ತೇನೆ. ಮೊನ್ನೆ ಆ ಗಾಯಕಿ ಉಸಿರೆಳೆದುಕೊಂಡಾಗ ಅಡುಗೆಮನೆಯಲ್ಲಿ ಅಮ್ಮನ ಸೌಟೂ ನಿಂತಿತು.