ಸರ್ ಆಡದ ಮಾತು

ನನ್ನ ಗಂಟಲಲ್ಲಿ ಬಹಳ ಜನ ಬಾಡಿಗೆಗಿದ್ದಾರೆ. ಹಳಿಯಾಳ ಬಸ್ ನಿಲ್ದಾಣದ ಕಂಟ್ರೋಲರು, ನಮ್ಮ ಕಾಕಾ, ಪಕ್ಕದ ಚಹಾದಂಗಡಿಯ ಮಾವಶಿ. "ನಿಂದ ಅಂತ ಒಂದರ ಧ್ವನಿ ಐತೇನಲೇ?" ಎಂದು ಅವ್ವ ಕೇಳುತ್ತಾಳೆ. ಇದೆ, ಆದರೆ ಅದೇ ಎಲ್ಲಕ್ಕಿಂತ ಕಳಪೆ.

ಬಾಡಿಗೆದಾರರಲ್ಲಿ ಮುಖ್ಯರು ನಮ್ಮ ಸರ್. ಹಳಿಯಾಳದ ಗೊಬ್ಬರದಂಗಡಿಯ ಮೇಲೆ ಅವರ ಸಾಫ್ಟ್‌ವೇರ್ ಆಫೀಸು. ಯಾವ ರೈತನ ಕಬ್ಬಿಗೆ ಯಾವತ್ತು ಕಟಾವಿನ ಪಾಳಿ ಎಂಬುದನ್ನು ಕಡಿಯುವ ಗ್ಯಾಂಗುಗಳ ಮೊಬೈಲಿಗೆ ತೋರಿಸುವ ಆ್ಯಪ್ ನಮ್ಮದು, ಸಕ್ಕರೆ ಫ್ಯಾಕ್ಟರಿ ಕೊಟ್ಟ ಕೆಲಸ. ಇರುವವರು ಸರ್, ನಾನು ಮತ್ತು ಅಕ್ಕಾ ಎಂದು ನಾನು ಕರೆಯುವ ಹಿರಿಯ ಸಹೋದ್ಯೋಗಿ. ಈ ಹಂಗಾಮಿಗೆ ಒಂದು ಎಐ ಕೂಡ ಸೇರಿಕೊಂಡಿತು. ಮೀಟಿಂಗಿನಲ್ಲಿ ಯಾರು ಏನೆಂದರು ಎಂದು ಧ್ವನಿ ಗುರುತಿಸಿ ಬರೆದುಕೊಳ್ಳುತ್ತಿತ್ತು. ಸರ್ ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುತ್ತಿತ್ತು. ನಾನು ಹೇಳಿದರೆ ಕೇಳುತ್ತಿರಲಿಲ್ಲ. ಸರ್ ಬಾಯಿಂದಲೇ ಬರಬೇಕು. ಆ ಧ್ವನಿಯೇ ನಮ್ಮ ಬೀಗದ ಕೈ.

ಅಂದು ಸರ್ ದಾಂಡೇಲಿಯಿಂದ ಬಸ್ಸಿನಲ್ಲಿ ಬರುತ್ತಲೇ ಫೋನಿನಲ್ಲಿ ಮೀಟಿಂಗಿಗೆ ಕೂತಿದ್ದರು. ಕಾಡಿನ ದಾರಿ, ಅವರ ಮಾತು ತುಂಡು ತುಂಡಾಗಿ ಬಂದು ಕೊನೆಗೆ ನಿಂತೇಹೋಯಿತು. ಆ ಖಾಲಿ ಹೊತ್ತಿನಲ್ಲಿ ನಾನು ಎಂದಿನಂತೆ, ಥೇಟ್ ಅವರ ಹಾಗೆ ಎರಡು ಸಲ ಕೆಮ್ಮಿ ಸರ್ ಆದೆ: "ಹಳೇ ಪಾಳಿ ಎಲ್ಲಾ ಅಳಿಸಿ ಒಗೀರಿ. ಹೊಸದಾಗಿ ಶುರು ಮಾಡೂಣು. ಏನಂತೀರಿ?"

ಅಕ್ಕ ನಕ್ಕು ನಕ್ಕು ಮೇಜಿನ ಮೇಲೆ ಬಿದ್ದಳು. ಎಐ ನಗಲಿಲ್ಲ.

ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಬೋಳು. ಒಂದೂರಿನ ಪಾಳಿಯೂ ಇಲ್ಲ. ಗ್ಯಾಂಗಿನವರ ಫೋನಿನ ಮೇಲೆ ಫೋನು: "ಕೊಯ್ತಾ ಹಿಡಕೊಂಡ ನಿಂತೇವ್ರಿ, ಯಾರ ಹೊಲಾ ಕಡಿಯೂಣು?"

"ಮುಂಜಾನಿ ತಗದ ನಕಲು ಐತಿ, ತಾಸಿನ್ಯಾಗ ಎಲ್ಲಾ ವಾಪಸ್ ಬರ್ತೈತಿ," ಎಂದು ಅಕ್ಕ ಕೆಲಸಕ್ಕೆ ಕೂತಳು. ಬದುಕಿದೆ ಅಂದುಕೊಂಡೆ.

ಅಷ್ಟರಲ್ಲಿ ಸರ್ ಬಂದರು. ಎಐ ಬರೆದದ್ದನ್ನು ಓದಿದರು, ರೆಕಾರ್ಡಿಂಗ್ ಕೇಳಿದರು. ಮತ್ತೊಮ್ಮೆ ಕೇಳಿದರು. ಬೈಗುಳಕ್ಕೆ ಕಾಯುತ್ತ ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಇದು ನಂದ ಧ್ವನಿ. ನಾನ ಅಂದೇನಿ. ಆದ್ರ ಅಂದದ್ದ ನೆನಪಿಲ್ಲ." ಮೊಬೈಲಿನಲ್ಲಿ ನಂಬರು ಹುಡುಕತೊಡಗಿದರು. "ನಮ್ಮಪ್ಪಗೂ ಇದ ವಯಸ್ಸಿನ್ಯಾಗ ಮರವು ಶುರುವಾತು. ಕಡೀಕ ನನ್ನ ಗುರ್ತ ಹಿಡೀಲಿಲ್ಲ. ಫ್ಯಾಕ್ಟರಿಗೆ ಫೋನ್ ಹಚ್ಚತೇನಿ, ಈ ಕೆಲಸಾ ಬ್ಯಾರೇದವ್ರಿಗೆ ಕೊಡ್ರಿ ಅಂತೇನಿ."

ಯಂತ್ರ ಮೋಸಹೋದರೆ ಹೋಗಲಿ. ತಮ್ಮ ಧ್ವನಿಗೆ ಸ್ವತಃ ಸರ್ ಮೋಸಹೋಗಿದ್ದರು.

"ಸರ್, ಅದು ನಾನ್ರಿ."

"ನನ್ನ ಉಳಸಾಕ ಸುಳ್ಳ ಹೇಳಬ್ಯಾಡೋ ತಮ್ಮಾ."

ಇನ್ನು ಮಾಡಿಯೇ ತೋರಿಸಬೇಕು. ಅವರೆದುರು ಎಂದೂ ಮಾಡಿದ್ದಿಲ್ಲ. ಕೆಮ್ಮಿದೆ, ಬಂದದ್ದು ಬಸ್ ನಿಲ್ದಾಣದ ಕಂಟ್ರೋಲರ ದನಿ. ಮತ್ತೆ ಕೆಮ್ಮಿದೆ. "ಹಳೇ ಪಾಳಿ ಎಲ್ಲಾ..."

"ಏ ತಡೀಲೇ!" ಅಕ್ಕ ಹಾರಿ ಬಂದಳು. "ಮದ್ಲ ಅದರ ಕಿವಿ ಬಂದ್ ಮಾಡ್ತೇನಿ!"

ಎಐ ಬಂದ್ ಆದ ಮೇಲೆ ಪೂರ್ತಿ ಹೇಳಿದೆ, "ಏನಂತೀರಿ"ವರೆಗೂ. ಸರ್ ಬಾಯಿ ತೆರೆದುಕೊಂಡೇ ಇತ್ತು.

"ಹಂಗಾರ ನಂಗ ಮರವು ಇಲ್ಲ?"

"ಇಲ್ರಿ ಸರ್."

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನನಗೆ ಒಂದು ಬಿಗಿದಿದ್ದರೆ ವಾಸಿಯಿತ್ತು.

"ಇನ್ನ ಮ್ಯಾಲೆ ಏನರ ಅಳಿಸೂದಿದ್ರ ಮೂರೂ ಮಂದಿ ಎದರಾ ಬದರಾ ಕುಂತ ಮಾಡೂದು," ಎಂದರು. ಎರಡು ಸಲ ಕೆಮ್ಮಿದರು. "ಏನಂತೀರಿ?"

ಅಕ್ಕ ನಗು ಮುಚ್ಚಿಕೊಳ್ಳಲು ಕಿಟಕಿಯತ್ತ ತಿರುಗಿಕೊಂಡಳು. ನಾನು ನನ್ನ ಕಳಪೆ ಧ್ವನಿಯಲ್ಲೇ, "ಹೂಂ ರೀ," ಎಂದೆ.